‘ಎನರ್ಜಿ ಬಂತಾ?’

ಕಳೆದ ಶನಿವಾರ ಮತ್ತು ಭಾನುವಾರ, ಒಟ್ಟು 6 ಗಂಟೆ, ನಾನು ಒಂದು ಆನ್‌ಲೈನ್ ಶಿಬಿರದಲ್ಲಿ ಕುಳಿತಿದ್ದೆ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ತನ್ನ ಶುಲ್ಕದ ಜೊತೆಗೆ ನನ್ನದನ್ನೂ ಕಟ್ಟಿ, ‘ಅಕ್ಕಾ, ನೀನು ಹೇಗೂ ಅಲ್ಲಿ ಅದನ್ನೇ ಮಾಡ್ತೀಯಲ್ಲ, ನನ್ನ ಜೊತೆ ಕೂತ್ಕೋ’ ಎಂದು ಕರೆದಿದ್ದರಿಂದ ಇಲ್ಲವೆನ್ನಲಾಗಲಿಲ್ಲ. ಶಿಬಿರದವರ ಹೆಸರು ಇಲ್ಲಿ ಬೇಡ. ನಿಧಾನ ಚಲನೆ, ಉಸಿರು ಮತ್ತು ಗಮನಗಳನ್ನು ಹೆಣೆದ ಚೀನೀ ಅಭ್ಯಾಸವಾದ ಚೀಗಾಂಗ್ ಅನ್ನು, ಅದರಲ್ಲೂ ಚೀನಾದ ತಾವೋ ಪಂಥದ್ದನ್ನು, ಎರಡೇ ದಿನಗಳಲ್ಲಿ ಕಲಿಸಿ, ಮೈಯೊಳಗಿನ ‘ಚೀ’ಯನ್ನು, ಅಂದರೆ ಪ್ರಾಣಶಕ್ತಿಯನ್ನು, ಎಬ್ಬಿಸಿಕೊಡುತ್ತೇವೆ ಎಂಬುದು ಅವರ ಭರವಸೆ. ಹಿನ್ನೆಲೆಯಲ್ಲಿ ಕೊಳಲು ನುಡಿಯುತ್ತಿತ್ತು, ಗುರುಗಳು ಬಿಳಿಯ ರೇಷ್ಮೆ ಉಡುಪಿನಲ್ಲಿ ಕೈಗಳನ್ನು ತೇಲಿಸುತ್ತಿದ್ದರು, ಮತ್ತು ಹತ್ತು ನಿಮಿಷಕ್ಕೊಮ್ಮೆ ಕಣ್ಣು ಅರ್ಧ ತೆರೆದು ‘ಅಂಗೈಯಲ್ಲಿ ಎನರ್ಜಿ ಬಂತಾ?’ ಎಂದು ಕೇಳುತ್ತಿದ್ದರು. ಕೇಳಿದ್ದೇ ತಡ, ಚಾಟ್ ಪೆಟ್ಟಿಗೆಯಲ್ಲಿ ‘ಬಂತು’, ‘ಬಂತು ಸರ್’, ‘ಜುಮ್ ಅಂತು’ ಎಂಬ ಸಾಲುಗಳು ಸುರಿಯುತ್ತಿದ್ದವು. ಮಳೆಗಾಲದ ರಾತ್ರಿ ನಮ್ಮೂರ ಬೀದಿಯಲ್ಲಿ ಒಂದು ಮನೆಯ ಜಗಲಿಯಿಂದ ಇನ್ನೊಂದು ಮನೆಯ ಜಗಲಿಗೆ ‘ಕರೆಂಟ್ ಬಂತಾ?’ ಎಂದು ಕೂಗಿ ಕೇಳುತ್ತಿದ್ದದ್ದು ನನಗೆ ನೆನಪಾಯಿತು. ವ್ಯತ್ಯಾಸವೆಂದರೆ, ಕರೆಂಟ್ ಬಾರದಿದ್ದರೆ ನಾವು ಬಂತು ಎನ್ನುತ್ತಿರಲಿಲ್ಲ.

ಸಿಂಗಪುರದಲ್ಲಿ ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಗೋಡೆಗಳಿಲ್ಲದೆ ತೆರೆದಿರುವ ನೆಲಮಹಡಿಯಲ್ಲಿ, ಚೀನೀ ಹಿರಿಯರ ಗುಂಪಿನೊಂದಿಗೆ ನಾನು ಚೀಗಾಂಗ್‌ಗೆ ನಿಲ್ಲಲು ತೊಡಗಿ ಎಂಟು ವರ್ಷಗಳಾದವು. ನನ್ನನ್ನು ಅಲ್ಲಿಗೆ ಎಳೆದ ಸೊಂಟನೋವಿನ ಪುರಾಣವನ್ನು ಇಲ್ಲಿ ಬಿಚ್ಚುವುದಿಲ್ಲ. ನಮಗೆ ಕಲಿಸುವವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಎಲ್ಲರಂತೆ ನಾನೂ ಅವರನ್ನು ‘ಲಾವ್‌ಶಿ’, ಅಂದರೆ ಮೇಷ್ಟ್ರೇ, ಎಂದು ಕರೆಯುತ್ತೇನೆ. ಈ ಎಂಟು ವರ್ಷಗಳಲ್ಲಿ ಅವರು ಒಮ್ಮೆಯೂ ನನ್ನನ್ನು ‘ಚೀ ಬಂತಾ?’ ಎಂದು ಕೇಳಿಲ್ಲ. ಅವರು ಕೇಳುವುದು ಬೇರೆಯೇ ಪ್ರಶ್ನೆ: ಮೈಭಾರ ಈಗ ಯಾವ ಕಾಲಿನ ಮೇಲಿದೆ? ಬಹುತೇಕ ದಿನಗಳಲ್ಲಿ ನನ್ನ ಉತ್ತರ ತಪ್ಪಾಗಿರುತ್ತದೆ. ಎರಡು ಪಾದಗಳಿರುವ ಮನುಷ್ಯಳು ತನ್ನ ಭಾರ ಯಾವ ಪಾದದ ಮೇಲಿದೆ ಎಂಬುದನ್ನು ತಪ್ಪಾಗಿ ಹೇಳಲು ಸಾಧ್ಯವೆಂಬುದೇ ನನಗೆ ಈ ವಿದ್ಯೆಯಿಂದ ದೊರೆತ ಮೊದಲ ಜ್ಞಾನ.

ನನ್ನ ತಕರಾರು ಇಷ್ಟೇ. ಚೀಗಾಂಗ್‌ನಲ್ಲಿ ನಿಧಾನವೆಂಬುದು ಅಲಂಕಾರವಲ್ಲ, ಅದೇ ಉಪಕರಣ. ಈ ಶಿಬಿರಗಳು ಅದನ್ನು ಅಲಂಕಾರವಾಗಿಸಿ, ಶಕ್ತಿಯನ್ನು ಸರಕಾಗಿಸಿ, ಎರಡರ ನಡುವೆ ಇದ್ದ ಕೆಲಸವನ್ನು ಸದ್ದಿಲ್ಲದೆ ತೆಗೆದುಹಾಕಿವೆ.

ಬಾದುವಾನ್‌ಜಿನ್ ಎಂಬ ಎಂಟು ಚಲನೆಗಳ ಸರಣಿಯನ್ನು ತೆಗೆದುಕೊಳ್ಳಿ. ಎಂಟು ತುಂಡು ಜರತಾರಿ ಎಂದು ಆ ಹೆಸರಿನ ಅರ್ಥ; ಸುಮಾರು ಸಾವಿರ ವರ್ಷಗಳ ಹಿಂದಿನ ಸೊಂಗ್ ರಾಜವಂಶದ ಕಾಲದಿಂದಲೂ ಅದರ ಸುಳಿವು ಸಿಗುತ್ತದೆ. ಮೊದಲ ಚಲನೆಯಲ್ಲಿ ಬೆರಳುಗಳನ್ನು ಹೆಣೆದು, ಆಕಾಶವನ್ನು ಎತ್ತಿ ಹಿಡಿಯುವವರಂತೆ ಅಂಗೈಗಳನ್ನು ನೆತ್ತಿಯ ಮೇಲಕ್ಕೆ ಒಯ್ಯಬೇಕು. ಬೇಗ ಎತ್ತಿದರೆ ಯಾರಿಗೂ ಕಷ್ಟವಿಲ್ಲ, ಏಕೆಂದರೆ ಅರ್ಧ ದಾರಿಯನ್ನು ತೋಳು ತನ್ನ ಓಘದಲ್ಲೇ ಮುಗಿಸಿಬಿಡುತ್ತದೆ. ಅದನ್ನೇ ಒಂದು ದೀರ್ಘ ಉಸಿರಿನಷ್ಟು ನಿಧಾನವಾಗಿ ಎತ್ತಿ ನೋಡಿ. ಓಘದ ನೆರವು ತಪ್ಪಿದೊಡನೆ ಒಳಗಿನ ವಂಚನೆಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ: ಭುಜ ಕಿವಿಯ ಕಡೆಗೆ ಏರಿರುತ್ತದೆ, ದವಡೆ ಬಿಗಿದಿರುತ್ತದೆ, ಸೊಂಟ ಮುಂದಕ್ಕೆ ಜಾರಿರುತ್ತದೆ, ಹೆಬ್ಬೆರಳು ನೆಲವನ್ನು ಕಚ್ಚಿ ಹಿಡಿದಿರುತ್ತದೆ. ಲಾವ್‌ಶಿ ಬಂದು ನನ್ನ ಭುಜದ ಮೇಲೆ ಒಂದು ಬೆರಳಿಟ್ಟು ‘ಸೊಂಗ್’ ಎನ್ನುತ್ತಾರೆ. ಸಡಿಲಿಸು ಎಂದರ್ಥ. ನಾನು ಸಡಿಲಿಸುತ್ತೇನೆ, ಆ ಬಿಗಿತ ಅಲ್ಲಿಂದ ಎದ್ದು ಹೊಟ್ಟೆಗೆ ಹೋಗಿ ಕೂರುತ್ತದೆ. ಅವರಿಗೆ ಅದೂ ಕಾಣುತ್ತದೆ.

ನನ್ನದೇ ಒಂದು ವಂಚನೆಯನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೈ ಎತ್ತುವಾಗಲೆಲ್ಲ ನಾನು ಉಸಿರನ್ನು ಹಿಡಿದುಕೊಳ್ಳುತ್ತೇನೆ ಎಂಬುದು ನನಗೆ ತಿಳಿಯಲು ಮೂರು ತಿಂಗಳು ಬೇಕಾಯಿತು. ಆಮೇಲೆ ಗಮನಿಸಿದರೆ, ಆಫೀಸಿನಲ್ಲಿ ಇಮೇಲ್ ತೆರೆಯುವಾಗಲೂ, ಮಗನ ಶಾಲೆಯಿಂದ ಫೋನ್ ಬಂದಾಗಲೂ, ಬಿಸಿ ಎಣ್ಣೆಗೆ ಸಾಸಿವೆ ಹಾಕುವಾಗಲೂ ನಾನು ಉಸಿರು ಹಿಡಿದೇ ಇರುತ್ತಿದ್ದೆ. ನಲವತ್ತು ದಾಟಿದ ಮೇಲೆ, ತಾನು ಅರ್ಧ ಆಯುಸ್ಸನ್ನು ಉಸಿರು ಕಟ್ಟಿಕೊಂಡೇ ಕಳೆದಿದ್ದೇನೆಂದು ತಿಳಿಯುವುದು ಹಿತವಾದ ಅನುಭವವೇನಲ್ಲ. ಅದನ್ನು ತೋರಿಸಿಕೊಟ್ಟದ್ದು ಯಾವ ಶಕ್ತಿಯೂ ಅಲ್ಲ, ನಿಧಾನ. ಶಿಬಿರದ ಕೊಳಲಿನ ನಡುವೆ ಇದು ನನಗೆ ತಿಳಿಯುತ್ತಿತ್ತೇ? ಖಂಡಿತ ಇಲ್ಲ, ಅಲ್ಲಿ ನಾನು ‘ಬಂತು’ ಎಂದು ಟೈಪ್ ಮಾಡುವುದರಲ್ಲಿ ಮಗ್ನಳಾಗಿರುತ್ತಿದ್ದೆ.

‘ಚೀ’ ಎಂಬ ಪದವನ್ನೇ ನೋಡೋಣ. ಅದರ ಹಳೆಯ ಲಿಪಿರೂಪದಲ್ಲಿ ಮೇಲೆ ಆವಿಯ ಗುರುತು ಇದೆ, ಅದರ ಕೆಳಗೆ ಅಕ್ಕಿಯ ಗುರುತು ಇದೆ. ‘ಗಾಂಗ್’ ಎಂಬುದರಲ್ಲಿ ಒಂದು ಪಕ್ಕ ಕೆಲಸ, ಇನ್ನೊಂದು ಪಕ್ಕ ಬಲ. ಅಕ್ಕಿ ತೊಳೆಯದೆ, ಒಲೆ ಹಚ್ಚದೆ, ಪಾತ್ರೆಯ ಮುಚ್ಚಳ ತೆಗೆದು ‘ಹಬೆ ಬಂತಾ, ಹಬೆ ಬಂತಾ’ ಎಂದು ಕೇಳುವವರಿಗೆ ನಮ್ಮ ಅಜ್ಜಿಯಂದಿರು ಏನು ಹೇಳುತ್ತಿದ್ದರೆಂಬುದನ್ನು ನಾನು ಇಲ್ಲಿ ಬರೆಯಲಾರೆ.

ಅಡುಗೆಮನೆಯ ಈ ಹೋಲಿಕೆ ನಾನು ಕಟ್ಟಿದ್ದಲ್ಲ. ತಾವೋ ಸಾಧಕರ ಒಳಗಿನ ರಸವಿದ್ಯೆಯ ಪರಿಭಾಷೆಯೇ ಒಲೆ ಮತ್ತು ಪಾತ್ರೆಗಳದ್ದು. ಅದಕ್ಕೆ ಮೊದಲು ಹೊರಗಿನ ರಸವಿದ್ಯೆಯಿತ್ತು. ಪಾದರಸ ಬೆರೆತ ಅಮೃತಗುಳಿಗೆಗಳನ್ನು ನುಂಗಿ ತಾಂಗ್ ವಂಶದ ಒಬ್ಬರಿಗಿಂತ ಹೆಚ್ಚು ಚಕ್ರವರ್ತಿಗಳು ಅಮರರಾಗುವ ಬದಲು ಬೇಗನೆ ಸತ್ತರು. ಕುಲುಮೆಯನ್ನು ಮೈಯೊಳಗೇ ಹೂಡಿಕೊಳ್ಳುವ ದಾರಿ ಆಮೇಲೆ ಹೆಚ್ಚು ಹೆಚ್ಚು ಬಲಗೊಂಡಿತು. ಹೊಕ್ಕುಳಿನ ಕೆಳಗಿನ ದಾನ್‌ತಿಯನ್, ಅಂದರೆ ಇಂಗಲೀಕದ (ಪಾದರಸದ ಕೆಂಪು ಅದಿರಿನ) ಹೊಲ, ಆ ಒಲೆಯ ಸ್ಥಾನ. ಅಲ್ಲಿ ಗಮನವೇ ಬೆಂಕಿ. ಆ ಬೆಂಕಿಯನ್ನು ಯಾವಾಗ ಎಷ್ಟು ಉರಿಸಬೇಕೆಂಬ ಅರಿವಿಗೆ ಅವರು ‘ಹುವೋಹೋ’ ಎನ್ನುತ್ತಾರೆ. ಇಂದಿಗೂ ಚೀನೀ ಬಾಣಸಿಗರು ಬಳಸುವ ಮಾತು ಅದು. ಅದರಲ್ಲಿ ಎರಡು ಬಗೆ: ಯೋಧರ ಉರಿ ಮತ್ತು ಪಂಡಿತರ ಉರಿ. ಪಂಡಿತರ ಉರಿಯೆಂದರೆ ಬೇರೇನಲ್ಲ, ಸಾರು ಕುದಿಸುವಾಗ ನಾವು ಹೇಳುವ ಸಣ್ಣ ಉರಿ. ಈ ‘ಹುವೋಹೋ’ವನ್ನು ಇಂಗ್ಲಿಷಿಗೆ ತರಲು ಅನುವಾದಕರು ಮೂರು ನಾಲ್ಕು ಪದಗಳನ್ನು ಜೋಡಿಸಿ ಒದ್ದಾಡುವುದನ್ನು ನೋಡಿದಾಗ ನನಗೆ ನಗು ಬರುತ್ತದೆ, ಏಕೆಂದರೆ ಕನ್ನಡದಲ್ಲಿ ಅದಕ್ಕೆ ಎರಡಕ್ಷರದ ಪದವಿದೆ: ಹದ. ಪಾಕಕ್ಕೂ ಹದವುಂಟು, ಕಬ್ಬಿಣಕ್ಕೂ ಹದವುಂಟು, ಮಳೆ ಬಿದ್ದ ಹೊಲಕ್ಕೂ ಹದವುಂಟು. ಹದ ಬರುವವರೆಗೆ ಕಾಯಬೇಕು, ಬಂದಾಗ ಬಿಡಬಾರದು. ಎರಡು ದಿನಗಳ ಪ್ಯಾಕೇಜಿನಲ್ಲಿ ಹದ ಎಲ್ಲಿಂದ ಬರಬೇಕು?

ಹೊಲದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಬೀಜಿಂಗಿನ ಬಿಳಿ ಮೋಡದ ಮಠದಲ್ಲಿ 1886ರಲ್ಲಿ ಕೆತ್ತಿದ ಒಂದು ಕಲ್ಲಿನ ಚಿತ್ರವಿದೆ. ಕುಳಿತ ಮನುಷ್ಯನ ದೇಹವನ್ನು ಪಕ್ಕದಿಂದ ನೋಡಿದಂತೆ ಬರೆದಿದ್ದಾರೆ, ಆದರೆ ಒಳಗೆ ಇರುವುದು ಕರುಳು ಮೂಳೆಗಳಲ್ಲ, ಒಂದು ಹಳ್ಳಿ. ಬೆನ್ನುಮೂಳೆಯ ಬುಡದಲ್ಲಿ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ನೀರೆತ್ತುವ ಚಕ್ರವನ್ನು ತುಳಿಯುತ್ತಿದ್ದಾರೆ, ನೀರು ಮೇಲ್ಮುಖವಾಗಿ ಬೆನ್ನನ್ನು ಏರುತ್ತಿದೆ. ಮೂತ್ರಪಿಂಡದ ಜಾಗದಲ್ಲಿ ಒಬ್ಬಳು ನೂಲುತ್ತಿದ್ದಾಳೆ. ಕೆಳಹೊಟ್ಟೆಯಲ್ಲಿ ಒಬ್ಬ ರೈತ ಕಬ್ಬಿಣದ ಎತ್ತು ಕಟ್ಟಿ ಉಳುತ್ತಿದ್ದಾನೆ. ಅದರ ಅಚ್ಚುಪ್ರತಿಯನ್ನು ಮೊದಲು ನೋಡಿದಾಗ ನಾನು ಬಹಳ ಹೊತ್ತು ಆ ಎತ್ತನ್ನೇ ನೋಡುತ್ತಿದ್ದೆ. ಇಡೀ ಚಿತ್ರದಲ್ಲಿ ಯಾರೊಬ್ಬರೂ ಕೈ ಚಾಚಿ ಮಿಂಚು ಬಿಡುತ್ತಿಲ್ಲ. ಎಲ್ಲರಿಗೂ ಕೈತುಂಬ ಕೆಲಸವಿದೆ.

ಅದೇ ಮಠದಲ್ಲಿ ಚಿಯು ಚೂಜಿ ಎಂಬ ತಾವೋ ಗುರುವಿನ ಸಮಾಧಿಯಿದೆ. ಎಪ್ಪತ್ತು ದಾಟಿದ ಆ ಮನುಷ್ಯ ಚೀನಾದ ಪೂರ್ವ ತುದಿಯ ಶಾನ್‌ದೊಂಗ್‌ನಿಂದ ಹಿಂದೂಕುಶ್‌ವರೆಗೆ ಪಯಣಿಸಿ 1222ರಲ್ಲಿ ಚೆಂಗೀಸ್ ಖಾನನನ್ನು ಕಂಡರು. ಅಮರನಾಗುವ ಔಷಧ ಏನು ತಂದಿದ್ದೀರಿ ಎಂದು ಖಾನ ಕೇಳಿದ. ಆಯುಸ್ಸನ್ನು ಕಾಪಾಡಿಕೊಳ್ಳುವ ಉಪಾಯಗಳಿವೆ, ಅಮರತ್ವದ ಔಷಧವಿಲ್ಲ ಎಂದರು ಚಿಯು. ಅರ್ಧ ಜಗತ್ತನ್ನು ಗೆದ್ದವನೆದುರು ನಿಂತು ಒಬ್ಬ ಮುದುಕ ‘ಇಲ್ಲ’ ಎನ್ನಬಲ್ಲವನಾಗಿದ್ದ. ನಮ್ಮ ಶಿಬಿರದ ಗುರುಗಳಿಗೆ 140 ಜನರ ಚಾಟ್ ಪೆಟ್ಟಿಗೆಯ ಮುಂದೆ ‘ಇನ್ನೂ ಬಾರದಿದ್ದರೆ ಪರವಾಗಿಲ್ಲ’ ಎನ್ನಲೂ ಧೈರ್ಯವಿರಲಿಲ್ಲ.

ಇದನ್ನೆಲ್ಲ ಭಾನುವಾರ ರಾತ್ರಿ ಫೋನಿನಲ್ಲಿ ಹೇಳಿದಾಗ ತಂಗಿ ಸುಮ್ಮನೆ ಕೇಳಿ ಕೊನೆಗೆ ಅಂದಳು: ‘ಅಕ್ಕಾ, ಎಲ್ಲರಿಗೂ ನಿನ್ನ ಹಾಗೆ ವರ್ಷಗಟ್ಟಲೆ ನಿಲ್ಲೋಕೆ ಪುರುಸೊತ್ತು ಎಲ್ಲಿದೆ? ಅಂಗೈ ಬೆಚ್ಚಗಾಯ್ತು, ಮನಸ್ಸು ಹಗುರಾಯ್ತು, ಅಷ್ಟು ಸಾಲದಾ?’ ಮಾತಿನಲ್ಲಿ ತೂಕವಿದೆ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆಮೇಲೆ ಅನ್ನಿಸಲಿಲ್ಲ. ಪುರುಸೊತ್ತಿನ ಲೆಕ್ಕ ತೆಗೆದರೆ, ಬಾದುವಾನ್‌ಜಿನ್ ಪೂರ್ತಿ ಮುಗಿಯಲು 12 ನಿಮಿಷದ ಆಸುಪಾಸು ಸಾಕು. ಆ ಶಿಬಿರ ತಿಂದದ್ದು 6 ಗಂಟೆ. ಇನ್ನು ಅಂಗೈ ಬೆಚ್ಚಗಾಗುವುದು: ಮೈ ಸಡಿಲಾಗಿ ಗಮನ ಕೈಯ ಕಡೆಗೆ ಹರಿದಾಗ ರಕ್ತನಾಳಗಳು ಅರಳಿ ಕೈ ಬೆಚ್ಚಗಾಗುವುದು ಸಹಜ. ಒಳ್ಳೆಯದೇ. ಆದರೆ ಅದನ್ನೇ ಸಾಧನೆಯೆಂದು ಎತ್ತಿ ಹಿಡಿದಾಗ, ಮರುದಿನದಿಂದ ಮನುಷ್ಯ ಚಲನೆಯನ್ನು ಬಿಟ್ಟು ಬಿಸಿಯನ್ನು ಹುಡುಕುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇದು ನಮ್ಮವರದ್ದೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಚೀನಾ ಇದನ್ನು ದೇಶದ ಮಟ್ಟದಲ್ಲಿ ಅನುಭವಿಸಿದೆ. ‘ಚೀಗಾಂಗ್’ ಎಂಬ ಹೆಸರು ಈ ಅಭ್ಯಾಸಗಳಿಗೆಲ್ಲ ಒಟ್ಟಾಗಿ ಅಂಟಿಕೊಂಡದ್ದೇ 1950ರ ದಶಕದಲ್ಲಿ, ಲಿಯು ಗುಯಿಜೆನ್ ಎಂಬ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ ತನ್ನ ಹೊಟ್ಟೆಹುಣ್ಣು ವಾಸಿಯಾದ ಮೇಲೆ ಅದನ್ನು ಆರೋಗ್ಯಧಾಮಗಳಿಗೆ ತಂದಾಗ. 1980ರ ದಶಕದ ಹೊತ್ತಿಗೆ ಅದು ಜ್ವರವಾಯಿತು. ‘ಮಹಾಗುರು’ಗಳು ಸಭಾಂಗಣಗಳನ್ನು ತುಂಬಿಸಿ, ವೇದಿಕೆಯಿಂದಲೇ ಚೀಯನ್ನು ಹಾಯಿಸುವುದಾಗಿ ಹೇಳಿಕೊಂಡು ಭಾಷಣ ಮಾಡಿದರು, ಕೇಳುಗರು ನಡುಗಿದರು, ಅತ್ತರು, ಬಿದ್ದರು. ಬೆಂಕಿ ಹತ್ತಿ ಭೂತ ಹೊಕ್ಕಿತು ಎಂಬರ್ಥದ ಒಂದು ಹಳೆಯ ನುಡಿಗಟ್ಟು ಚೀನೀ ಭಾಷೆಯಲ್ಲಿದೆ. ಹದ ಮೀರಿದ ಸಾಧನೆಯಿಂದ ಬುದ್ಧಿ ಕೆಡುವುದಕ್ಕೆ ಹಾಗೆನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ 1994ರ ಕೈಪಿಡಿಯಲ್ಲೂ ಚೀಗಾಂಗ್‌ನಿಂದ ಉಂಟಾಗುವ ಮನೋವಿಕಾರಕ್ಕೆ ಜಾಗ ಸಿಕ್ಕಿತು. 1999ರಲ್ಲಿ ಫಾಲುನ್ ಗಾಂಗ್ ಎಂಬ ಚೀಗಾಂಗ್ ಪಂಥದ ಮೇಲೆ ನಿಷೇಧ ಬಿದ್ದಾಗ ಅದರೊಂದಿಗೆ ಬೇರೆ ಗುಂಪುಗಳೂ ಮುಚ್ಚಿದವು. ಆ ದಮನದ ಕಥೆ ಬೇರೆ, ಅದನ್ನು ನಾನು ಸಮರ್ಥಿಸುತ್ತಿಲ್ಲ. ಎಲ್ಲ ಮುಗಿದ ಮೇಲೆ ಸರ್ಕಾರವೇ ಅಂಗೀಕರಿಸಿ ಹರಡಿದ ಮೊದಲ ನಾಲ್ಕು ಸರಣಿಗಳಲ್ಲಿ ನಮ್ಮ ಲಾವ್‌ಶಿಯ ಎಂಟು ತುಂಡು ಜರತಾರಿಯೂ ಒಂದು.

ಇದಕ್ಕೂ ಬಹಳ ಹಿಂದೆ, ದಕ್ಷಿಣ ಚೀನಾದ ಚಾಂಗ್‌ಶಾ ಬಳಿಯ ಮಾವಾಂಗ್‌ದುಯಿಯಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಸಮಾಧಿಯೊಳಗೆ ರೇಷ್ಮೆಯ ಮೇಲೆ ಬಿಡಿಸಿದ ವ್ಯಾಯಾಮದ ಚಿತ್ರಪಟವೊಂದು ಉಳಿದಿತ್ತು. 1970ರ ದಶಕದಲ್ಲಿ ಅದನ್ನು ಅಗೆದು ತೆಗೆದರು. ಅದರಲ್ಲಿ 44 ಜನರಿದ್ದಾರೆ, ಗಂಡಸರು, ಹೆಂಗಸರು, ಮುದುಕರು. ಕೆಲವರು ಬರಿ ಮೈಯಲ್ಲಿ, ಕೆಲವರು ನಿತ್ಯದ ಬಟ್ಟೆಯಲ್ಲಿ. ಒಂದು ಭಂಗಿಯ ಪಕ್ಕದಲ್ಲಿ ಮೊಣಕಾಲು ನೋವಿಗೆಂದು ಬರೆದಿದೆ. ಮೊಣಕಾಲು ನೋವು! ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಹೆಸರಿಲ್ಲದ ವ್ಯಕ್ತಿಯ ಮೇಲೆ ನನಗೆ ಹುಟ್ಟಿದ ಪ್ರೀತಿ, ಬಿಳಿ ರೇಷ್ಮೆಯ ಯಾವ ಗುರುವಿನ ಮೇಲೂ ಹುಟ್ಟಲಿಲ್ಲ.

ಪ್ರಾಚೀನ ತಾವೋ ಚಿಂತಕ ಜುವಾಂಗ್‌ತ್ಸು ಹೇಳಿದ, ಎತ್ತನ್ನು ಕೊಯ್ಯುವ ಕಸಾಯಿಯ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. (ಕಸಾಯಿಯೇ ಎಂದು ಮೂಗು ಮುರಿಯಬೇಡಿ, ನಮ್ಮ ಮಹಾಭಾರತದಲ್ಲಿ ಕೌಶಿಕನಿಗೆ ಬುದ್ಧಿ ಹೇಳಿದ ಧರ್ಮವ್ಯಾಧನೂ ಮಾಂಸವನ್ನೇ ಮಾರುತ್ತಿದ್ದ.) ಜುವಾಂಗ್‌ತ್ಸುವಿನ ಆ ಕಸಾಯಿಯ ಚಾಕು 19 ವರ್ಷಗಳಿಂದ ಮೊಂಡಾಗಿರಲಿಲ್ಲ. ಆ ಕಥೆಯಲ್ಲಿ ಎಲ್ಲರೂ ಅವನ ಕೈಚಳಕವನ್ನು ಹೊಗಳುತ್ತಾರೆ. ನನಗೆ ಮುಖ್ಯವೆನಿಸುವುದು ಅವನೇ ಹೇಳಿಕೊಳ್ಳುವ ಸಣ್ಣ ಮಾತು. ಕೀಲು ಸಿಕ್ಕಾದ ಜಾಗಕ್ಕೆ ಬಂದಾಗ ಅವನು ಎಚ್ಚರಗೊಳ್ಳುತ್ತಾನೆ, ನೋಟವನ್ನು ಅಲ್ಲಿಯೇ ನಿಲ್ಲಿಸುತ್ತಾನೆ, ನಿಧಾನವಾಗುತ್ತಾನೆ. ಸಿಕ್ಕು ಇಲ್ಲದ ಕಡೆ ಅವನು ನಿಧಾನವನ್ನು ಪ್ರದರ್ಶನಕ್ಕಿಟ್ಟವನಲ್ಲ.

ನಾನು ಇಷ್ಟೆಲ್ಲ ಸಿಡುಕುವುದಕ್ಕೆ ನೈತಿಕ ಅಧಿಕಾರವಿದೆಯೇ ಎಂದರೆ, ಇಲ್ಲ. ವಾಯ್ಡ್ ಡೆಕ್ಕಿಗೆ ಸೇರಿದ ಎರಡನೆಯ ವಾರದಲ್ಲಿ, ಯಾರೂ ಕೇಳದಿದ್ದರೂ, ನಾನೇ ಲಾವ್‌ಶಿಯ ಬಳಿ ಹೋಗಿ ನನ್ನ ಕೈಗಳ ನಡುವೆ ಚೆಂಡಿನಂಥದ್ದೇನೋ ತೋರುತ್ತಿದೆ ಎಂದು ಸುಳ್ಳು ಹೇಳಿದ್ದೆ. ಏನೂ ತೋರುತ್ತಿರಲಿಲ್ಲ. ಮೆಚ್ಚಿಕೊಳ್ಳುತ್ತಾರೆ ಎಂಬ ಆಸೆ, ಅಷ್ಟೇ. ಅವರು ನನ್ನ ಮುಖವನ್ನೇ ನೋಡದೆ, ಬಾಗಿ, ನನ್ನ ಬಲ ಮೊಣಕಾಲನ್ನು ಹೆಬ್ಬೆರಳಿನ ನೇರಕ್ಕೆ ತಳ್ಳಿ, ಮುಂದಿನವರ ಬಳಿ ಹೋದರು. ಆ ಅವಮಾನಕ್ಕೆ ನಾನು ಎರಡು ದಿನ ಹೋಗಲಿಲ್ಲ.

ಶಿಬಿರ ಮುಗಿದ ಮೇಲೆ ಒಂದು ಅಭಿಪ್ರಾಯದ ಫಾರ್ಮ್ ಬಂತು. ಒಂದೇ ಕಡ್ಡಾಯ ಪ್ರಶ್ನೆ: ನಿಮಗೆ ಎಷ್ಟು ಎನರ್ಜಿಯ ಅನುಭವವಾಯಿತು, 1ರಿಂದ 10ರವರೆಗೆ ಗುರುತಿಸಿ. ಕೆಳಗಿನ ಖಾಲಿ ಜಾಗದಲ್ಲಿ ನಾನು, ಎರಡನೆಯ ಚಲನೆಯಲ್ಲಿ ಬಿಲ್ಲನ್ನು ಎಳೆಯುವಾಗ ನನ್ನ ಎಡ ಹಿಮ್ಮಡಿ ನೆಲ ಬಿಟ್ಟು ಏಳುತ್ತಿದೆ, ಅದನ್ನು ಹೇಗೆ ತಿದ್ದಿಕೊಳ್ಳಬೇಕು ಎಂದು ಬರೆದು ಕಳುಹಿಸಲು ಒತ್ತಿದೆ. ಅಂಕಿ ಗುರುತಿಸದೆ ಫಾರ್ಮ್ ಹೋಗುವುದಿಲ್ಲವೆಂದು ಕೆಂಪು ಅಕ್ಷರದಲ್ಲಿ ಬಂತು. ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ 7ಕ್ಕೆ ಕೆಳಗಿಳಿದು ಹೋದಾಗ ಲಾವ್‌ಶಿ ನನ್ನ ಎಡ ಹಿಮ್ಮಡಿಯನ್ನು ಆಗಲೇ ನೋಡುತ್ತಿದ್ದರು.