ಸಿಹಿಗೂ ಉಪ್ಪಿಗೂ ಒಂದೇ ಗಾಳ

ಬ್ರಹ್ಮಾವರದ ಸಮೀಪದ ನಮ್ಮ ಮನೆಯಿಂದ ಸ್ಕೂಟರು ಹತ್ತಿದರೆ ಮಾಬುಕಳದ ಸೇತುವೆಯ ಕೆಳಗೆ ಸೀತಾ ನದಿ ಸಿಗುತ್ತದೆ. ಪೆಟ್ರೋಲಿನ ವಿಷಯದಲ್ಲಿ ಇನ್ನಷ್ಟು ಧಾರಾಳಿಯಾದರೆ ಕೋಡಿ ಬೆಂಗ್ರೆ ಸಿಗುತ್ತದೆ. ಅಲ್ಲಿ ಸೀತೆಯೂ ಸ್ವರ್ಣೆಯೂ ಕೂಡಿಕೊಂಡು ಅರಬ್ಬೀ ಸಮುದ್ರಕ್ಕೆ ಇಳಿಯುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ, ಮೂವತ್ತು ವರ್ಷ ಬಯಲುಸೀಮೆಯ ಬ್ಯಾಂಕುಗಳಲ್ಲಿ ಪರರ ಹಣ ಎಣಿಸಿ, ನಿವೃತ್ತನಾಗಿ ಹಿಂದಿರುಗಿದ ನನಗೆ ಗಾಳ ಹಾಕುವ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಬಾಲ್ಯದಲ್ಲಿ ಒಂದು ಬಿದಿರು ಕೋಲು, ನಾಲ್ಕು ಮಾರು ಟಂಗೀಸು ದಾರ, ತೆಂಗಿನ ಗೆರಟೆಯಲ್ಲಿ ಒಂದು ಹಿಡಿ ಎರೆಹುಳ ಇದ್ದರೆ ಸಾಕಾಗುತ್ತಿತ್ತು. ಪಿಂಚಣಿದಾರನ ಘನತೆಗೆ ಅದು ಸಾಲದೆಂದು ತೋರಿ, ರಾಡು ಮತ್ತು ದಾರ ಸುತ್ತುವ ರೀಲು ಕೊಳ್ಳುವ ಪ್ರಸ್ತಾವವನ್ನು ಮನೆಯಲ್ಲಿ ಮಂಡಿಸಿದೆ.

“ತರುವುದಾದರೆ ಒಂದೇ ತನ್ನಿ. ಹೊಳೆಗೊಂದು, ಸಮುದ್ರಕ್ಕೊಂದು ಅಂತ ಮನೆ ತುಂಬಿಸ್ಬೇಡಿ ಮಾರಾಯ್ರೆ. ನಾನು ಒಂದೇ ಕುಕ್ಕರಿನಲ್ಲಿ ಅನ್ನವನ್ನೂ ಬೇಯಿಸುವುದಿಲ್ವಾ, ಬೇಳೆಯನ್ನೂ ಬೇಯಿಸುವುದಿಲ್ವಾ?” ಎಂದಳು ಹೆಂಡತಿ. ಪ್ರಸ್ತಾವವು ಈ ತಿದ್ದುಪಡಿಯೊಂದಿಗೆ ಅಂಗೀಕಾರವಾಯಿತು.

ಉಡುಪಿಯ ಅಂಗಡಿಯಲ್ಲಿ ಕುಕ್ಕರಿನ ವಾದ ನಡೆಯಲಿಲ್ಲ. ಹೊಳೆಗಾದರೆ ಏಳು ಅಡಿಯ ಹಗುರ ರಾಡು, ಅದಕ್ಕೆ 2500ರ ರೀಲು. ಕಡಲ ದಂಡೆಗಾದರೆ ಹತ್ತರಿಂದ ಹನ್ನೆರಡು ಅಡಿಯ ರಾಡು, ಅದಕ್ಕೆ 5000 ಅಥವಾ 6000ದ ರೀಲು ಎಂದು ಅಂಗಡಿಯವರು ವಿವರಿಸಿದರು. ಎರಡಕ್ಕೂ ಆಗುವಂಥದ್ದು ಇಲ್ಲವೇ ಎಂದು ನಾನು ಕೇಳಿದ ಕ್ಷಣದಲ್ಲಿ ಅವರ ಮುಖದಲ್ಲಿ ಮೂಡಿದ ಭಾವ, ಚಿನ್ನದಂಗಡಿಯಲ್ಲಿ ಗ್ಯಾರಂಟಿ ಸರ ಕೇಳಿದವನನ್ನು ನೋಡುವಂತಿತ್ತು. ಆದರೂ ಒಳಗಿನಿಂದ ಎಂಟು ಅಡಿಯ, ಎರಡು ತುಂಡಿನ ಒಂದು ರಾಡು ತಂದರು. ಅದರ ಬುಡದಲ್ಲಿ ‘10–40 ಗ್ರಾಂ’ ಎಂದು ಅಚ್ಚಾಗಿತ್ತು; ಅಷ್ಟು ಭಾರದ ನಕಲಿ ಮೀನನ್ನು ಬೀಸಬಹುದೆಂದು ಅದರರ್ಥ. ಜೊತೆಗೆ 4000 ಎಂದು ಬರೆದಿದ್ದ ರೀಲು, ಇಪ್ಪತ್ತು ಪೌಂಡು ತಡೆಯುವ ಹೆಣೆದ ದಾರ. ನಾನು ಬ್ಯಾಂಕಿನ ಅಭ್ಯಾಸದಂತೆ ನಾಲ್ಕು ಸಾವಿರ ರೂಪಾಯಿಯನ್ನು ಎರಡು ಸಲ ಎಣಿಸಿ ಮೇಜಿನ ಮೇಲಿಟ್ಟೆ. 4000 ಎಂಬುದು ರೀಲಿನ ಗಾತ್ರದ ಸಂಖ್ಯೆಯೆಂದೂ, ಬೆಲೆಯನ್ನು ಪೆಟ್ಟಿಗೆಯ ಇನ್ನೊಂದು ಮಗ್ಗುಲಿಗೆ ಅಂಟಿಸಿದ್ದಾರೆಂದೂ ಆಮೇಲೆ ತಿಳಿಯಿತು. ಆ ಬೆಲೆಯನ್ನು ಮನೆಯಲ್ಲಿ ಹೇಳಿಲ್ಲವಾದ್ದರಿಂದ ಇಲ್ಲಿಯೂ ಹೇಳುವುದಿಲ್ಲ.

ಎಂಟು ಅಡಿ ಹೊಳೆಗೆ ಹೆಚ್ಚಾಯಿತೆಂದು ಕೊಲ್ಲಿ ದೇಶದಿಂದ ಮರಳಿದ ನೆರೆಮನೆಯವರು ಹೇಳಿದರು. ಕಡಲಿಗೆ ಕಡಿಮೆಯಾಯಿತೆಂದು ನನ್ನ ತಂಗಿಯ ಮಗ ಹೇಳಿದ. ಈ ವಿವಾದವನ್ನು ಬಗೆಹರಿಸಿದ್ದು ನಮ್ಮ ಚಾವಡಿಯ ಫ್ಯಾನು. ತಂದ ದಿನ ಸಂಜೆ ಎರಡೂ ತುಂಡುಗಳನ್ನು ಜೋಡಿಸಿ, ಇದು ಎಷ್ಟು ಚೆನ್ನಾಗಿ ಬಾಗುತ್ತದೆ ನೋಡು ಎಂದು ಹೆಂಡತಿಗೆ ತೋರಿಸಲು ಮೇಲೆತ್ತಿದೆ. ‘ಟಪ್’ ಎಂಬ ಸಣ್ಣ ಸದ್ದಾಯಿತು, ಅಷ್ಟೆ. ದೇವರ ಪಟದ ಹಿಂದಿನಿಂದ ತುದಿಯ ತುಂಡನ್ನು ಹೆಕ್ಕಿ ತಂದು ಅಳೆದು ನೋಡಿದರೆ ಸರಿಯಾಗಿ ಆರು ಅಂಗುಲ. ತುದಿಯ ಬಳೆಯನ್ನು ಬಿಡಿಸಿ, ಮುರಿದ ಜಾಗಕ್ಕೆ ಬಿಸಿ ಅಂಟಿನಿಂದ ಕೂರಿಸಿದಾಗ ನನ್ನ ರಾಡು ಏಳೂವರೆ ಅಡಿಯಾಗಿ, ಎರಡೂ ಪಕ್ಷಗಳಿಗೆ ಸಮದೂರದಲ್ಲಿ ನಿಂತಿತು. ತೆಳ್ಳಗಿನ ತುದಿ ಹೋದದ್ದರಿಂದ ಒನಕೆಯ ಸ್ವಭಾವವೂ ಸ್ವಲ್ಪ ಬಂದಿತು.

ಅದರ ಫಲ ಎರಡೂ ಕಡೆ ಕಾಣಿಸಿಕೊಂಡಿತು. ಬೆಂಗ್ರೆಯ ದಂಡೆಯಲ್ಲಿ ಮೂವತ್ತು ಗ್ರಾಮಿನ ತಗಡು ಮೀನನ್ನು ಬೀಸಿದರೆ ಅದು ಚೆನ್ನಾಗಿಯೇ ಹೋಗಿ ಬೀಳುತ್ತಿತ್ತು. ಆದರೆ ದಡದಲ್ಲಿ ಮುರಿಯುವ ಅಲೆಗಳ ಮೇಲಕ್ಕೆ ದಾರವನ್ನು ಎತ್ತಿ ಹಿಡಿಯುವಷ್ಟು ಉದ್ದ ರಾಡಿಗಿಲ್ಲದೆ, ಪ್ರತಿಯೊಂದು ಅಲೆಯೂ ದಾರವನ್ನು ತನ್ನದೇ ಎಂಬಂತೆ ಎಳೆದುಕೊಳ್ಳುತ್ತಿತ್ತು. ಹೊಳೆಯಲ್ಲಿ ಅಂಗೈಯಗಲದ ಜಿಲೇಬಿ ಮೀನುಗಳು ಎರೆಹುಳವನ್ನು ಚೂರುಚೂರೇ ಕಚ್ಚಿ ಊಟ ಮುಗಿಸಿ ಎದ್ದು ಹೋದರೂ ಆ ಸಮಾಚಾರ ನನ್ನ ಕೈಗೆ ತಲುಪುತ್ತಿರಲಿಲ್ಲ. ಕಡಲಿಗೆ ದಪ್ಪ, ಹೊಳೆಗೆ ತೆಳು ಎಂಬ ಅಂಗಡಿಯ ಲೆಕ್ಕವನ್ನು ಮೀನುಗಳು ಓದಿಲ್ಲವೆಂಬುದು ನನಗೆ ಗೊತ್ತಾದದ್ದೂ ಆಗಲೇ. ನಮ್ಮ ಕಡಲ ದಂಡೆಯಲ್ಲಿ ಗಾಳಕ್ಕೆ ಬರುವ ಕಾಣೆ ಮೀನು ಹೆಬ್ಬೆರಳಿನಷ್ಟೇ ದಪ್ಪವಿದ್ದು, ಸೀಗಡಿಯ ತುಣುಕನ್ನು ಮದುವೆ ಮನೆಯ ಹೊಸ ಅಳಿಯನಂತೆ ನಾಜೂಕಾಗಿ ಮುಟ್ಟುತ್ತದೆ; ಕೆರೆ ಹೊಳೆಗಳ ಕಾಟ್ಲಾ ಮೀನು ಬೆಳೆದರೆ ಹತ್ತು ಕಿಲೋ ದಾಟುತ್ತದೆ.

ಇಷ್ಟಾದರೂ ರೀಲಿನ ಆರೈಕೆಯಲ್ಲಿ ನಾನು ಲೋಪ ಮಾಡಿದವನಲ್ಲ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನನ್ನ ರಕ್ತದೊತ್ತಡವನ್ನು ನೋಡಿಕೊಳ್ಳುವ ವೈದ್ಯರು ನನಗೆ ದಿನಕ್ಕೆ 5 ಗ್ರಾಮಿಗಿಂತ ಹೆಚ್ಚು ಉಪ್ಪು ಕೂಡದೆಂದು ಕಟ್ಟಪ್ಪಣೆ ಮಾಡಿದ್ದಾರೆ; ಅಂದರೆ ನನ್ನ ಒಂದು ವಾರದ ಪಡಿತರವೆಲ್ಲ ಒಂದು ಲೀಟರಿನಲ್ಲಿ ಕರಗಿ ಕೂತಿದೆ. ಅಲ್ಯೂಮಿನಿಯಮ್ಮಿನ ಮೈಗೆ ಉಕ್ಕಿನ ತಿರುಪು ಹಾಕಿ ಅಂಥ ನೀರಿನಲ್ಲಿ ನೆನೆಸಿದರೆ, ಹೈಸ್ಕೂಲಿನಲ್ಲಿ ಕಲಿತ ವಿದ್ಯುತ್ಕೋಶವೇ ತಯಾರಾಗಿ ಅಲ್ಯೂಮಿನಿಯಮ್ಮು ಸವೆಯತೊಡಗುತ್ತದೆ. ಆದ್ದರಿಂದ ಬೆಂಗ್ರೆಯಿಂದ ಬಂದ ಪ್ರತಿ ಸಂಜೆಯೂ ರೀಲಿಗೆ ಅಭ್ಯಂಜನ ನಡೆಯುತ್ತಿತ್ತು. ಮೊದಲ ಸಲ ತೋಟದ ಪೈಪನ್ನು ಜೋರಾಗಿ ಬಿಟ್ಟೆ. ಹಾಗೆ ಮಾಡಿದರೆ ಹೊರಗಿನ ಉಪ್ಪು ಒಳಗೆ ಹೋಗುತ್ತದೆಂದು ತಂಗಿಯ ಮಗ ಬೈದ ಮೇಲೆ, ದಾರದ ಬಿಗಿ ತಿರುಪನ್ನು ಗಟ್ಟಿಯಾಗಿ ಮುಚ್ಚಿ, ಮೆಲ್ಲಗೆ ಸಿಹಿನೀರು ಹನಿಸಿ, ಬಟ್ಟೆಯಲ್ಲಿ ಒರೆಸಿ, ತಿರುಪನ್ನು ಮತ್ತೆ ಸಡಿಲಿಸಿ ನೆರಳಿನಲ್ಲಿ ಒಣಗಿಸುವ ಕ್ರಮವನ್ನು ರೂಢಿಸಿಕೊಂಡೆ. ಕೊನೆಯಲ್ಲಿ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಕು. ಹೆಂಡತಿಯ ಯಂತ್ರದ ಎಣ್ಣೆ ಶೀಸೆ ಒಂದು ದಿನ ಹಠಾತ್ತನೆ ಕಾಣೆಯಾದದ್ದರಿಂದ, ಅಡುಗೆಮನೆಯ ತೆಂಗಿನೆಣ್ಣೆಯಿಂದಲೇ ಶಾಸ್ತ್ರ ಮುಗಿಸತೊಡಗಿದೆ. ಮರುದಿನ ರೀಲಿನ ಸುತ್ತ ಇರುವೆ ಬಂದಿದ್ದವು. ರುಚಿ ಬಲ್ಲ ಜೀವಿಗಳೆಂದು ಸುಮ್ಮನಾದೆ.

ಹೊಳೆಯಿಂದ ಬಂದ ದಿನ ಮಾತ್ರ ಈ ಉಪಚಾರವಿರಲಿಲ್ಲ. ಸಿಹಿನೀರಿನಿಂದ ಬಂದದ್ದನ್ನು ಸಿಹಿನೀರಿನಲ್ಲಿ ತೊಳೆಯುವುದು ಗುಮಾಸ್ತಗಿರಿಯಲ್ಲದೆ ಇನ್ನೇನು? ಮಾರ್ಚಿ ತಿಂಗಳಿಡೀ ಮಾಬುಕಳಕ್ಕೆ ಹೋದೆ. ಉಬ್ಬರದ ಹೊತ್ತಿನಲ್ಲಿ ಮೀನು ಚೆನ್ನಾಗಿ ಕಚ್ಚುತ್ತದೆಂದು ಕೇಳಿದ್ದರಿಂದ ಆ ಹೊತ್ತನ್ನೇ ನೋಡಿಕೊಂಡು ಹೋದೆ. ಮನೆಗೆ ಬಂದು ರಾಡನ್ನು ಬಾಗಿಲ ಹಿಂದೆ ನಿಲ್ಲಿಸಿ ಊಟಕ್ಕೆ ಕೂತೆ. ಬಳಿಕ ಮಳೆಗಾಲ ಬಂದಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದ್ದು, ಮಲ್ಪೆಯ ಬಂದರಿನಲ್ಲಿ ಅವು ಸಾಲಾಗಿ ವಿಶ್ರಮಿಸುವಾಗ, ನಿಷೇಧವಿಲ್ಲದ ನನ್ನ ರಾಡೂ ಸಹಾನುಭೂತಿಯಿಂದ ಬಾಗಿಲ ಹಿಂದೆ ವಿಶ್ರಮಿಸಿತು.

ಅದು ಮತ್ತೆ ಹೊರಬಂದದ್ದು ದೀಪಾವಳಿಗೆ, ಹೆಬ್ರಿಯ ಬಳಿಯ ಹೆಂಡತಿಯ ತವರಿನಲ್ಲಿ. ಅಲ್ಲಿ ಹರಿಯುವುದೂ ಇದೇ ಸೀತೆ. ಆದರೆ ಕಾಡಿನಿಂದ ಆಗಷ್ಟೇ ಇಳಿದ, ಕಲ್ಲಿನ ತಳ ಕಾಣುವ ಸೀತೆ. ಹಬ್ಬ ಕಳೆದ ಮರುದಿನ ಮಾವ, ಇಬ್ಬರು ಭಾವಂದಿರು, ಅವರ ಮಕ್ಕಳು, ಒಂದು ನಾಯಿ, ಇಷ್ಟು ಮಂದಿಯ ಸಮಕ್ಷಮದಲ್ಲಿ ನಾನು ಗಾಳ ಬೀಸಿದೆ. ಬಿದ್ದ ಕೂಡಲೇ ಏನೋ ಕಚ್ಚಿ ಎಳೆಯಿತು. “ಸುತ್ತಿ ಭಾವ, ಸುತ್ತಿ!” ಎಂದು ಚಿಕ್ಕ ಭಾವ ಕೂಗಿದ. ಹಿಡಿಯನ್ನು ತಿರುಗಿಸಿದೆ. ಅರ್ಧ ಸುತ್ತು ಬಂದು, ಕರಕ್ ಎಂದು, ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೀನನ್ನು ದಡಕ್ಕೆ ತರಲು ಉಳಿದಿದ್ದ ಒಂದೇ ಉಪಾಯವೆಂದರೆ ರಾಡನ್ನು ಎದೆಗವಚಿಕೊಂಡು ನಾನೇ ಹಿಂದೆ ಹಿಂದೆ ನಡೆಯುವುದು. ಹಾಗೆ ಮರಳು ದಾಟಿ, ಹುಲ್ಲು ದಾಟಿ, ಭಾವನ ಅಡಿಕೆ ತೋಟದ ಗಡಿ ದಾಟಿ ನಡೆದು, ತೋಟದ ನೀರು ಬಸಿಯುವ ಕಾಲುವೆಯಲ್ಲಿ ಸೊಂಟದವರೆಗೆ ಇಳಿದು ನಿಂತಾಗ, ಅತ್ತ ದಡದಲ್ಲಿ ಮಕ್ಕಳು ಕೇಕೆ ಹಾಕಿದ್ದು ಕೇಳಿಸಿತು. ಮೀನು ಬಂದಿತ್ತು, ಗೇಣುದ್ದದ ಒಂದು ಮುಗುಡು. ಮಾವನವರು ಹಿರಿಯರು, ನಗಲಿಲ್ಲ. ಬಚ್ಚಲಿನಲ್ಲಿ ಬಿಸಿನೀರಿದೆ ಎಂದಷ್ಟೇ ಹೇಳಿದರು.

ಊರಿಗೆ ಮರಳಿ, ಹಂಗಾರಕಟ್ಟೆಯಲ್ಲಿ ದೋಣಿಯ ಎಂಜಿನು ರಿಪೇರಿ ಮಾಡುವ ಯುವಕನ ಮುಂದೆ ರೀಲನ್ನಿಟ್ಟೆ. ತಿರುಪುಗಳ ಸುತ್ತ ಸುಣ್ಣ ಬಳಿದಂತೆ ಬಿಳಿ ಪುಡಿ ಕಟ್ಟಿತ್ತು. ಮುಚ್ಚಳ ತೆಗೆದವನು ಮೂಸಿ ನೋಡಿ, “ತೆಂಗಿನೆಣ್ಣೆ, ಉಪ್ಪು, ಮರಳು. ಚಟ್ನಿ ಆಗಿದೆ ಸರ್. ಒಗ್ಗರಣೆಯೊಂದು ಬಾಕಿ” ಎಂದ. ಕಡಲಿಗೆ ಹೋದಾಗಲೆಲ್ಲ ತೊಳೆದಿದ್ದೇನೆ, ಕೊನೆಗೆ ಹೋದದ್ದು ಹೊಳೆಗೆ ಎಂದು ನಾನು ವಾದಿಸಿದೆ. ಯಾವ ಹೊಳೆ, ಯಾವ ತಿಂಗಳು ಎಂದು ಕೇಳಿದ, ಹೇಳಿದೆ. “ಮಾರ್ಚಿಯಲ್ಲಿ, ಉಬ್ಬರದ ಹೊತ್ತಿಗೆ, ಮಾಬುಕಳ ಹೊಳೆ ಎಂತ ಸಿಹಿ ಮಾರಾಯ್ರೆ? ಆಗ ನಮ್ಮ ಬಾವಿ ನೀರೇ ಉಪ್ಪು!”

ನಾಚಿಕೆಯಾಯಿತು. ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿ, ಮಳೆ ನಿಂತ ಮೇಲೆ ಹಲಗೆ ಇಳಿಸಿ ಉಪ್ಪುನೀರನ್ನು ತಡೆಯುವುದನ್ನು ನೋಡುತ್ತಲೇ ಬೆಳೆದವನು ನಾನು. ಜುಲೈಯಲ್ಲಿ ಸಮುದ್ರದ ಬಾಯಿಯವರೆಗೂ ಸಿಹಿಯಾಗಿ ನುಗ್ಗುವ ಅದೇ ಹೊಳೆ, ಬೇಸಗೆಯ ಉಬ್ಬರದಲ್ಲಿ ಕಡಲಿನ ಬಾಲವಾಗುತ್ತದೆ. ಇಳಿತದಲ್ಲಿ ಮತ್ತೆ ಅರ್ಧಂಬರ್ಧ ಹೊಳೆಯಾಗುತ್ತದೆ. ಸಿಹಿನೀರಿನ ರಾಡು, ಉಪ್ಪುನೀರಿನ ರಾಡು ಎಂದು ಎರಡು ಕೊಂಡಿದ್ದರೂ, ಸೇತುವೆಯ ಬುಡದಲ್ಲಿ ನಿಂತು ಯಾವುದನ್ನು ಬಿಚ್ಚಬೇಕೆಂದು ಪಂಚಾಂಗ ನೋಡಬೇಕಾಗುತ್ತಿತ್ತು.

ರೀಲಿಗೆ ಹೊಸ ಬೇರಿಂಗು ಬಿದ್ದಿದೆ, ಹೊಲಿಗೆ ಯಂತ್ರದ ಎಣ್ಣೆಯ ಸ್ವಂತ ಶೀಸೆಯೂ ಬಂದಿದೆ. ಈಗ ನಾನು ಗಾಳ ಹಾಕುವ ಮೊದಲು ಹೊಳೆಗೆ ಬಾಗಿ, ಬೆರಳು ಅದ್ದಿ, ನಾಲಗೆಗೆ ತಾಗಿಸಿ ನೋಡುತ್ತೇನೆ. ಸಂಶಯ ಬಂದರೆ ಇನ್ನೊಮ್ಮೆ ನೋಡುತ್ತೇನೆ. ಮೊನ್ನೆ ಸೇತುವೆಯ ಮೇಲೆ ಹೋಗುತ್ತಿದ್ದ ಪರಿಚಯದವರೊಬ್ಬರು, ನಾನು ಸೀತಾ ನದಿಯ ತೀರ್ಥ ತೆಗೆದುಕೊಳ್ಳುವಷ್ಟು ಭಕ್ತನಾಗಿದ್ದೇನೆಂದು ಮನೆಗೆ ಬಂದು ಕೊಂಡಾಡಿದರಂತೆ. ರಾತ್ರಿ ಊಟಕ್ಕೆ ಕೂತಾಗ ನನ್ನ ಬಟ್ಟಲಿನ ಮೀನು ಸಾರು ಸಪ್ಪೆಯಾಗಿತ್ತು. ಉಪ್ಪಿನ ಪಾತ್ರೆಯ ಕಡೆಗೆ ಕೈ ಚಾಚಿದೆ.

“ಇವತ್ತಿನದ್ದು ಹೊಳೆಯಲ್ಲೇ ಆಯ್ತಲ್ಲ?” ಎಂದಳು ಹೆಂಡತಿ.