ಜಾಹೀರಾತಿಲ್ಲದೆ ನಮ್ಮೂರು ಸೇರಿದ ರಮ್

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗೆ ಓಲ್ಡ್ ಮಾಂಕ್ ಎಂಬ ರಮ್ ಬಂದದ್ದು ಮಿಲಿಟರಿಯವರ ಟ್ರಂಕಿನಲ್ಲಿ. ರಜೆಗೆ ಊರಿಗೆ ಬರುವವರು ಸೇನೆಯ ಕ್ಯಾಂಟೀನಿನ ಮದ್ಯದ ಕೋಟಾ ತರುತ್ತಿದ್ದರು. ನಿವೃತ್ತರಾದ ಮೇಲೂ ಕ್ಯಾಂಟೀನ್ ಕಾರ್ಡ್ ಕೈಬಿಡುತ್ತಿರಲಿಲ್ಲ. ಅಡಿಕೆ ತೋಟದ ಮನೆಗಳಲ್ಲಿ ಆ ಗಿಡ್ಡ ಬಾಟಲಿ ಮಳೆಗಾಲದ ಶೀತಕ್ಕೆಂದು ಕಪಾಟಿನ ಒಳಗೆ ಕೂತಿರುತ್ತಿತ್ತು. ಟಿವಿಯಲ್ಲಿ ನೋಡಿ ಅದನ್ನು ಕೇಳಿದವರು ಯಾರೂ ಇಲ್ಲ.

ಕುಡಿಯಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಸುತ್ತಲೇ ಇವೆ. ಆದರೆ ವ್ಯಾಪಾರದಲ್ಲಿ ಸಂಯಮ ಎಂಬುದೊಂದು ಇದೆ, ಓಲ್ಡ್ ಮಾಂಕ್ ತಯಾರಿಸುವ ಮೋಹನ್ ಮನೆತನ ಅದನ್ನು ಪಾಲಿಸಿತು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.

1954ರಲ್ಲಿ ಮಾರುಕಟ್ಟೆಗೆ ಬಂದ ಈ ರಮ್ ದಶಕಗಳ ಕಾಲ ಜಾಹೀರಾತಿನ ಹಂಗಿಲ್ಲದೆ ಮಾರಾಟವಾಯಿತು. ಕಂಪನಿಯನ್ನು ಬಹುಕಾಲ ನಡೆಸಿದ ಬ್ರಿಗೇಡಿಯರ್ ಕಪಿಲ್ ಮೋಹನ್ ಜಾಹೀರಾತು ಕೊಡುವುದಿಲ್ಲ ಎಂದು ನೇರವಾಗಿಯೇ ಹೇಳುತ್ತಿದ್ದರು. ಸ್ವತಃ ಅವರು ಮದ್ಯ ಮುಟ್ಟುತ್ತಿರಲಿಲ್ಲವಂತೆ. 2018ರ ಜನವರಿಯಲ್ಲಿ ಅವರು ತೀರಿಕೊಂಡಾಗ, ಅವರ ಮುಖವನ್ನೇ ಕಾಣದ ಎಷ್ಟೋ ಜನ ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ಬರೆದರು. ಆ ಪ್ರೀತಿ ಹಣ ಕೊಟ್ಟು ತಂದದ್ದಲ್ಲ. ಈ ಹಟಕ್ಕೆ ಬೆಲೆಯನ್ನೂ ತೆರಬೇಕಾಯಿತು: ಮಾರಾಟದಲ್ಲಿ ಮ್ಯಾಕ್‌ಡೊವೆಲ್ಸ್ ಸೆಲೆಬ್ರೇಷನ್ ಎಂಬ ಇನ್ನೊಂದು ರಮ್ ಅದನ್ನು ಹಿಂದಿಕ್ಕಿತು.

ಉಳಿದವರ ದಾರಿ ನಮಗೆಲ್ಲ ಗೊತ್ತು. ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧ ಬಂದ ಮೇಲೆ ಅದೇ ಹೆಸರಿನ ಸೋಡಾ, ಅದೇ ಹೆಸರಿನ ಸಂಗೀತದ ಸಿಡಿ ಹುಟ್ಟಿಕೊಂಡವು. ಮಕ್ಕಳೂ ಕೂತು ನೋಡುವ ಕ್ರಿಕೆಟ್ ಪಂದ್ಯದ ನಡುವೆ ಇವು ಬರುತ್ತವೆ. ಇದು ಕಾನೂನಿನ ಕಣ್ಣಿಗೆ ಮಣ್ಣೆರಚುವ ಕೆಲಸ, ನನಗೆ ಇದರ ಬಗ್ಗೆ ಸಿಟ್ಟಿದೆ. ರಮ್ ತಯಾರಿಸುವ ಬಕಾರ್ಡಿಯೂ ಒಂದು ಮನೆತನದ ಕಂಪನಿಯೇ. 1862ರಲ್ಲಿ ಕ್ಯೂಬಾದಲ್ಲಿ ಆರಂಭವಾಗಿ, 1960ರಲ್ಲಿ ಅಲ್ಲಿನ ಆಸ್ತಿಯನ್ನೆಲ್ಲ ಸರ್ಕಾರ ವಶಪಡಿಸಿಕೊಂಡ ಮೇಲೆ ದೇಶಾಂತರ ಹೋಗಿಯೂ ಬಾವಲಿಯ ಗುರುತನ್ನು ಬಿಡದೆ ಲೋಕವೆಲ್ಲ ಹಬ್ಬಿಸಿತು. ಆ ಛಲವನ್ನು ಮೆಚ್ಚುತ್ತೇನೆ. ಆದರೂ ಅಷ್ಟು ದೊಡ್ಡ ಪ್ರಚಾರದ ಎದುರು ಕಪಿಲ್ ಮೋಹನರ ಮೌನವೇ ನನಗೆ ಹೆಚ್ಚು.

ಒಂದು ವಿಷಯದಲ್ಲಿ ಮಾತ್ರ ಮೌನ ಸಲ್ಲದು. ಓಲ್ಡ್ ಮಾಂಕ್ ಕಂಪನಿಯ ಕಥೆ ಹೇಳುವವರೆಲ್ಲ 1855ರ ಹಿಮಾಚಲದ ಕಸೌಲಿಯಿಂದ ಶುರು ಮಾಡುತ್ತಾರೆ. ಬೆಟ್ಟದ ತಂಪಿನಲ್ಲಿ ಬ್ರಿಟಿಷ್ ಸೈನಿಕರಿಗಾಗಿ ಬಿಯರ್ ಮಾಡಲು ಹೊರಟವರು ಎಡ್ವರ್ಡ್ ಡಯರ್. ಅವರ ಮಗನೇ 1919ರಲ್ಲಿ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟ ರೆಜಿನಾಲ್ಡ್ ಡಯರ್. ಮಗನ ಪಾಪ ತಂದೆಯ ತಲೆಗೆ ಬರುವುದಿಲ್ಲ, 1949ರಲ್ಲಿ ಕಂಪನಿ ಕೊಂಡ ನರೇಂದ್ರನಾಥ ಮೋಹನರ ತಲೆಗಂತೂ ಬರುವುದೇ ಇಲ್ಲ. 1960ರ ದಶಕದಲ್ಲಿ ಕಂಪನಿಯ ಹೆಸರು ಡಯರ್ ಮೀಕಿನ್ ಹೋಗಿ ಮೋಹನ್ ಮೀಕಿನ್ ಆಯಿತು. ಆ ಹೆಸರು ಹೋದದ್ದು ನನಗೆ ಸಮಾಧಾನ. ಆದರೆ 1855ರ ಹಳಮೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದಾದರೆ ಅಮೃತಸರವನ್ನೂ ಅದೇ ಪುಟದಲ್ಲಿ ಹೇಳಬೇಕು. ಏಕೆಂದರೆ ಈ ರಮ್ಮಿಗೆ ನಮ್ಮಲ್ಲಿ ಮರ್ಯಾದೆ ತಂದುಕೊಟ್ಟವರು ಭಾರತದ ಸೈನಿಕರು. ಯಾರಿಗಾಗಿ ಬಿಯರ್ ಭಟ್ಟಿ ಹುಟ್ಟಿತೋ ಆ ಸೇನೆ ಬೇರೆ, ಯಾರ ಟ್ರಂಕಿನಲ್ಲಿ ರಮ್ ನಮ್ಮೂರಿಗೆ ಬಂತೋ ಆ ಸೇನೆ ಬೇರೆ. ಈ ಎರಡರ ನಡುವಿನ ದೂರವೇ ಕಂಪನಿಯ ನಿಜವಾದ ಚರಿತ್ರೆ.

ಸೈನಿಕನ ಹೆಸರಿಗೆ ಎಷ್ಟು ಬೆಲೆ ಇದೆ ಎಂಬುದು ಕೇರಳ ಸರ್ಕಾರಕ್ಕೂ ಗೊತ್ತು. ತಿರುವಲ್ಲಾದ ಸರ್ಕಾರಿ ಕಾರ್ಖಾನೆಯ ರಮ್ಮಿನ ಹೆಸರೇ ಜವಾನ್, ಅಂದರೆ ಸೈನಿಕ. ಕೇರಳ ಸರ್ಕಾರದ ಮದ್ಯದಂಗಡಿಯಾದ ಬೆವ್ಕೊ ಎದುರಿನ ಸಾಲಿನಲ್ಲಿ ನಿಂತವರು ಮೊದಲು ಕೇಳುವುದು ಅದನ್ನೇ, ಅದಕ್ಕೂ ಜಾಹೀರಾತು ಬೇಕಾಗಲಿಲ್ಲ. ಹಾಗಾದರೆ ಸೋಡಾ, ಸಿಡಿಗಳ ವೇಷ ಯಾರಿಗಾಗಿ? ಇನ್ನೂ ಕುಡಿಯಲು ಕಲಿಯದ ಮಕ್ಕಳಿಗಾಗಿ ಎಂದೇ ನನ್ನ ನಂಬಿಕೆ. ಆ ವೇಷದ ಜಾಹೀರಾತುಗಳನ್ನೂ ಪೂರ್ತಿಯಾಗಿ ನಿಲ್ಲಿಸಬೇಕು.