ಬಿಟ್ಟ ದಾರದ ಉದ್ದವೇ ಎರೆಯ ಆಳವಲ್ಲ: ಕ್ರಾಪಿ ಗಾಳದ ಸಂದೇಶದ ಬಗ್ಗೆ ಸ್ಪಷ್ಟನೆ

ಅಮೆರಿಕದ ಮಿಸಿಸಿಪ್ಪಿಯ ಗ್ರೆನಡಾದಂಥ ಜಲಾಶಯಗಳಲ್ಲಿ ದೋಣಿಯ ಮುಂಭಾಗದಲ್ಲಿ ಹಲವು ಗಾಳದ ಕೋಲುಗಳನ್ನು ಬೀಸಣಿಗೆಯಂತೆ ಹರಡಿ, ನಿಧಾನವಾಗಿ ಸಾಗುತ್ತ ಕ್ರಾಪಿ ಮೀನು ಹಿಡಿಯುವವರಿಗೆಂದು ಒಂದು ಸಂದೇಶ ಹರಿದಾಡುತ್ತಿದೆ. ಎಲ್ಲ ಕೋಲುಗಳಿಂದ 20 ಅಡಿ ದಾರ ಬಿಟ್ಟರೆ ಎಲ್ಲ ಎರೆಗಳೂ 20 ಅಡಿ ಆಳದಲ್ಲಿರುತ್ತವೆ, ಮೀನಿಗಿಂತ ತುಸು ಕೆಳಗಿದ್ದರೂ ತೊಂದರೆಯಿಲ್ಲ ಎನ್ನುವ ಅದರ ಎರಡೂ ಮಾತುಗಳು ತಪ್ಪು.

ದೋಣಿ ಚಲಿಸುವಾಗ ನೀರಿನ ತಡೆಯಿಂದ ದಾರ ಹಿಂದಕ್ಕೆ ಓರೆಯಾಗಿ ಎರೆ ಮೇಲೇರುತ್ತದೆ. ನೀರಿನೊಳಗಿನ 20 ಅಡಿ ದಾರವು ನೇರ ಲಂಬದಿಂದ 30 ಡಿಗ್ರಿ ವಾಲಿದರೆ ಎರೆಯ ಆಳ ಸುಮಾರು 17 ಅಡಿ, 45 ಡಿಗ್ರಿ ವಾಲಿದರೆ ಸುಮಾರು 14 ಅಡಿ. ಇದು ಶಾಲೆಯ ತ್ರಿಕೋನಮಿತಿಯ ಲೆಕ್ಕವೇ ಆಗಿದ್ದು, ದಾರ ಬಾಗಿದರೆ ಅಂಕಿಗಳು ಇನ್ನಷ್ಟು ಬದಲಾಗುತ್ತವೆ. ಕೋಲಿನ ತುದಿಯಿಂದ ನೀರಿನ ಮೇಲ್ಮೈವರೆಗಿನ ದಾರವನ್ನೂ ಕಳೆಯಬೇಕು, ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಂದು ಕೋಲಿಗೆ ಹಗುರ, ಇನ್ನೊಂದಕ್ಕೆ ಭಾರದ ಸೀಸದ ಗುಂಡು ಕಟ್ಟಿದ್ದರಂತೂ ದಾರದ ಉದ್ದ ಒಂದೇ ಆದರೂ ಆಳ ಒಂದೇ ಆಗದು.

ಆದ್ದರಿಂದ ಎಲ್ಲ ಕೋಲುಗಳಿಗೂ ಸಮಭಾರದ ಗುಂಡು ಕಟ್ಟಿ, ವೇಗವನ್ನು ಸ್ಥಿರವಾಗಿಟ್ಟು, ದಾರಗಳ ಓರೆಯನ್ನು ಆಗಾಗ ನೋಡುವುದು ಸರಿಯಾದ ಕ್ರಮ. ಗಾಳಿ ದೋಣಿಯನ್ನು ತಳ್ಳಿದಾಗ ಇದು ಇನ್ನೂ ಮುಖ್ಯ.

ಕ್ರಾಪಿ ಸಾಮಾನ್ಯವಾಗಿ ಮೇಲಕ್ಕೆ ನೋಡಿ ಬೇಟೆಯಾಡುವ ಮೀನು. ಎರೆ ಅದರ ಮಟ್ಟದಲ್ಲಿ ಅಥವಾ ತುಸು ಮೇಲಿರಬೇಕು. ಕೆಳಗಿದ್ದರೆ ಬಹುತೇಕ ಅದರ ಗಮನಕ್ಕೇ ಬರುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.